ಕಡಲ ಹಾವಿನ ಜೊತೆ ಚಿಪ್ಪಣ್ಣನ ಗುದ್ದಾಟ

ದೋಣಿಗಳ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು ಅವನ ಕಸುಬು. ಹಾಗಾಗಿ ದೋಣಿ ಕಟ್ಟುವ ದಕ್ಕೆಯ ಮಂದಿಗೆಲ್ಲ ಅವನು ಚಿಪ್ಪಣ್ಣ. ಬಾಯಲ್ಲಿ ಗಾಳಿಯ ಪೈಪು ಕಚ್ಚಿಕೊಂಡು ನೀರಿಗಿಳಿದರೆ ಗಂಟೆಗಟ್ಟಲೆ ಮೇಲೆ ಬರುತ್ತಿರಲಿಲ್ಲ. ಬಂದ ಮೇಲೆ, ಒಳಗೆ ಆಡಲಾಗದ ಮಾತನ್ನೆಲ್ಲ ಒಟ್ಟಿಗೇ ಆಡಿ ಮುಗಿಸುತ್ತಿದ್ದ. ಅವನ ಬಾಯಿ ಮುಚ್ಚಿಸಬಲ್ಲ ವಸ್ತು ಆ ಪೈಪೊಂದೇ.

ಒಂದು ಬೆಳಿಗ್ಗೆ ಸಾಹುಕಾರರ ದೊಡ್ಡ ದೋಣಿಯಡಿ ಕೆರೆಯುತ್ತಿದ್ದಾಗ ಪಟ್ಟೆಪಟ್ಟೆಯ ಕಡಲ ಹಾವೊಂದು ನೆಟ್ಟಗೆ ಅವನ ಮುಖದತ್ತ ಈಜಿ ಬಂತು. ಚಿಪ್ಪಣ್ಣ ಎದ್ದೆನೋ ಬಿದ್ದೆನೋ ಎಂದು ಮೇಲೆ ಬಂದ. ನಡೆದದ್ದು ಇಷ್ಟೇ. ಆದರೆ ಅವನು ದಕ್ಕೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಹಾವು ಒಂದು ಮಾರು ಉದ್ದವಾಗಿತ್ತು, ಚಹಾ ಅಂಗಡಿ ಮುಟ್ಟುವಷ್ಟರಲ್ಲಿ ಮೂರು ಮಾರು. ಎರಡನೆಯ ಲೋಟ ಬರುವ ಹೊತ್ತಿಗೆ ಅವನು ಅದರ ಕತ್ತು ಹಿಡಿದು ಗುದ್ದಾಡಿಯೂ ಆಗಿತ್ತು.

ಸರಕನ್ನು ಹೊಗಳಬೇಕು, ಸರಿ. ಗಿರಾಕಿ ಅಂಗಡಿ ಬಿಟ್ಟು ಓಡುವಷ್ಟು ಹೊಗಳಿದರೆ ಹೇಗೆ? ಮಾತು ಸಾಹುಕಾರರ ಕಿವಿಗೆ ಬಿತ್ತು. ಅವರು ಚಿಪ್ಪಣ್ಣನನ್ನು ಕರೆಸಿದರು.

"ಅಂಥಾ ಹಾವಿರೋ ನೀರಿಗೆ ನಿನ್ನ ಇಳಿಸಿ ನಾನ್ಯಾಕೆ ಪಾಪ ಕಟ್ಕೊಳ್ಳಲಿ? ಇನ್ಮೇಲೆ ದೋಣಿ ದಡಕ್ಕೆಳೆದು ಯಂತ್ರದಲ್ಲಿ ಕೆರೆಸ್ತೀನಿ. ನೀನು ಆರಾಮಾಗಿರು."

ಚಿಪ್ಪಣ್ಣನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮನೆಗೆ ಬಂದು ಅಕ್ಕನ ಮುಂದೆ ಊಟಕ್ಕೆ ಕೂತ. ಅಕ್ಕ ಬಲೆಯ ಮೀನು ಆರಿಸುವವಳು. ಮೀನಿನ ಜೊತೆ ಸಿಕ್ಕ ಹಾವುಗಳನ್ನು ದಿನವೂ ಇಕ್ಕಳದಲ್ಲಿ ಹಿಡಿದು ನೀರಿಗೆಸೆಯುತ್ತಿದ್ದಳು.

"ಕಚ್ಚೋಕೇ ಬಂದಿತ್ತು ಕಣೇ ಅಕ್ಕ."

"ಕಚ್ಚಿದ್ರೆ ನೀನಿಲ್ಲಿ ಕೂತು ಉಣ್ತಿರಲಿಲ್ಲ. ವಿಷಕ್ಕೇನೂ ಕೊರತೆಯಿಲ್ಲ ಅದಕ್ಕೆ. ಹಿಡಿದ್ರೆ, ಒದ್ರೆ, ಬಲೇಲಿ ಸಿಕ್ಕಿಸಿದ್ರೆ ಕಚ್ಚುತ್ತೆ. ಸುಮ್ನಿದ್ದೋರ ತಂಟೆಗೆ ಬರಲ್ಲ."

"ಮತ್ತೆ ನನ್ನ ಹತ್ರ ಯಾಕೆ ಬಂತು?"

"ಈಗ ಗಂಡು ಹಾವು ಹೆಣ್ಣು ಹುಡುಕೋ ಕಾಲ. ನಿನ್ನೇ ಹೆಣ್ಣು ಅಂದ್ಕೊಂಡಿರುತ್ತೆ. ಅದರ ಕಣ್ಣೂ ಅಷ್ಟಕ್ಕಷ್ಟೇ."

ಮರುದಿನ ಚಿಪ್ಪಣ್ಣ ಹಾವಿನ ಪರ ವಕೀಲಿಕೆಗೆ ಹೋದ. ಸಾಹುಕಾರರು ಕನ್ನಡಕದ ಮೇಲಿಂದ ನೋಡಿದರು.

"ನಿನ್ನೆ ರಾಕ್ಷಸ, ಇವತ್ತು ಸಾಧು. ಯಾವುದನ್ನಯ್ಯಾ ನಂಬ್ಲಿ? ಇಳಿದು ತೋರ್ಸು. ಆಮೇಲೆ ಕೆಲಸದ ಮಾತು."

ತಿಳಿನೀರು, ನೋಡಲು ಅರ್ಧ ದಕ್ಕೆಯೇ ಬಗ್ಗಿ ನಿಂತಿತು. "ಅದು ಬಂದ್ರೆ ಕೈಕಾಲು ಆಡಿಸ್ಬೇಡ. ಅದೊಂದು ನಿನ್ನ ಕೈಲಾಗುತ್ತಾ ನೋಡು," ಎಂದಳು ಅಕ್ಕ. ಕ್ಷೌರದ ಕುರ್ಚಿಯಲ್ಲೂ ತಲೆ ನೆಟ್ಟಗಿಡದ ಆಸಾಮಿ ಅವನು.

ಹಾವು ಬಂದೇ ಬಂತು. ಕಿವಿಯ ಹತ್ತಿರ ನಾಲಗೆ ಆಡಿಸಿತು, ಬೆನ್ನ ಹಿಂದೆ ಹೋಯಿತು, ಕೊನೆಗೆ ಮೊಣಕಾಲ ಕೆಳಗೆ ಒಂದು ಸುತ್ತು ಹಾಕಿತು. ಝಾಡಿಸಿ ಒದೆಯಬೇಕೆಂದು ಚಿಪ್ಪಣ್ಣನ ಕಾಲು ಅಂಗಲಾಚುತ್ತಿತ್ತು. ಒದ್ದರೆ ಕೆಲಸದ ಜೊತೆ ಜೀವವೂ ಹೋಗುತ್ತದೆ. ಕಣ್ಣು ಮುಚ್ಚಿ ಮರದ ಬೊಂಬೆಯಾದ. ಎಷ್ಟೋ ಹೊತ್ತಿನ ಮೇಲೆ ಕಾಲು ಹಗುರಾಯಿತು. ಕಣ್ಣು ಬಿಟ್ಟರೆ ದೋಣಿಯ ಹುಟ್ಟಿನಂಥ ಚಪ್ಪಟೆ ಬಾಲವೊಂದು ನಿಧಾನಕ್ಕೆ ದೂರವಾಗುತ್ತಿತ್ತು. ಅವನು ಅಲ್ಲೇ ತಿರುಗಿ ಚಿಪ್ಪು ಕೆರೆಯತೊಡಗಿದ.

ಮೇಲೆ ಬಂದಾಗ ಸಾಹುಕಾರರು, "ಉಳಿದೆರಡು ದೋಣಿನೂ ನೀನೇ ನೋಡ್ಕೋ," ಎಂದು ಹೊರಟರು. ಮಂದಿ ಅವನಿಗೆ ಸ್ಟೂಲು ಎಳೆದುಕೊಟ್ಟು ಸುತ್ತ ಕೂತರು.

"ಹೇಳಪ್ಪ, ಏನಾಯ್ತು?"

"ಏನಿಲ್ಲ. ನೋಡ್ತು, ಹೋಯ್ತು."

ಎಲ್ಲರೂ ಕಾದರು. ಅವನು ಗಾಳಿಯ ಪೈಪು ಸುತ್ತಿಡತೊಡಗಿದ. ಅಕ್ಕ ಹತ್ತಿರ ಬಂದು, ಜ್ವರವೇನಾದರೂ ಬಂದಿದೆಯೋ ಎಂದು ಅವನ ಹಣೆ ಮುಟ್ಟಿ ನೋಡಿದಳು.