ಮೈಕಣ್ಣನ ದನಿಯಿಲ್ಲದ ಮಾತು

ಮೈಕಣ್ಣ ಹೋಗಿ ಎಂಟು ತಿಂಗಳಾಯಿತು. ಮನೆಯಲ್ಲಿ ಟೀವಿ ಈಗಲೂ ಜೋರಾಗಿಯೇ ಇರುತ್ತದೆ. ಸಣ್ಣ ಮಾಡಲು ಹೆಂಡತಿಗೆ ಕೈ ಬರುವುದಿಲ್ಲ. ಪಕ್ಕದ ಮನೆಯವರು ಏನೂ ಅನ್ನುವುದಿಲ್ಲ.

ಆ ಹೆಸರು ಇಟ್ಟದ್ದು ನಾಟಕದ ತಂಡದವರು. ಆತ ಹದಿನೇಳಕ್ಕೆ ಬಟ್ಟೆ ಮಿಲ್ಲಿಗೆ ಸೇರಿದವನು. ಮೂವತ್ತೊಂದು ವರ್ಷ ಒಂದೇ ಶೆಡ್ಡಿನಲ್ಲಿ ಮಗ್ಗ ನಡೆಸಿದ. ಶೆಡ್ಡಿಗೆ ಎಂಬತ್ತು ಮಗ್ಗ. ಎಂಬತ್ತು ಲಾಳಿ ಒಟ್ಟಿಗೆ ಅತ್ತಿಂದಿತ್ತ ಬಡಿಯುವಾಗ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಆತನ ಕಿವಿ ಅರ್ಧ ಅಲ್ಲೇ ಹೋಯಿತು. ಕಿವಿ ಹೋದವನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಆತ ಗುಟ್ಟು ಹೇಳಿದರೆ ಬೀದಿಯ ಕೊನೆಯ ಮನೆಗೂ ಅದು ತಲುಪುತ್ತಿತ್ತು.

ಇಂಥವನಿಗೆ ನಾಟಕದಲ್ಲಿ ಬೇಕಾಗಿದ್ದು ಪ್ರಾಂಪ್ಟರ್ ಕೆಲಸ. ರಂಗದ ಪಕ್ಕದಲ್ಲಿ, ಪರದೆಯ ಮರೆಯಲ್ಲಿ ನಿಂತು, ನಟರು ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವ ಕೆಲಸ. ಬಣ್ಣ ಹಚ್ಚಿಕೊಳ್ಳುವ ಆಸೆ ಆತನಿಗೆ ಯಾವತ್ತೂ ಇರಲಿಲ್ಲ. "ಬಣ್ಣ ಹಚ್ಚಿದವನಿಗೆ ಅವನ ಮಾತಷ್ಟೇ ಗೊತ್ತು, ನಂಗೆ ಎಲ್ಲಾರ್ದೂ ಗೊತ್ತು" ಅನ್ನುತ್ತಿದ್ದ. ಸುಳ್ಳಲ್ಲ. ಮಗ್ಗದ ಮುಂದೆ ನಿಂತು ಇಡೀ ನಾಟಕ ಬಾಯಿಪಾಠ ಮಾಡುತ್ತಿದ್ದ. ಪುಸ್ತಕ ಸುಮ್ಮನೆ ಕಂಕುಳಲ್ಲಿ ಇರುತ್ತಿತ್ತು.

ತಂಡ ದೊಡ್ಡದೇನಲ್ಲ. ನಾಟಕ ಕಲಿಸುವವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಮುಖ್ಯ ಪಾತ್ರಕ್ಕೆ ಮೆಡಿಕಲ್ ಅಂಗಡಿಯವರು. ಹೆಣ್ಣು ಪಾತ್ರಕ್ಕೆ ಆಸ್ಪತ್ರೆಯ ನರ್ಸಮ್ಮ. ಉಳಿದ ಐದಾರು ಜನ ಮಿಲ್ಲಿನವರು. ಪ್ರತಿ ವರ್ಷ ಊರಿನ ಸಭಾಂಗಣದಲ್ಲಿ ನಾಟಕೋತ್ಸವ. ಒಂಬತ್ತು ತಂಡ, ಮೂರು ದಿನ, ಮೂವರು ತೀರ್ಪುಗಾರರು. ಇವರಿಗೆ ಹನ್ನೊಂದು ವರ್ಷದಲ್ಲಿ ಒಂದು ಬಹುಮಾನವೂ ಬಂದಿರಲಿಲ್ಲ.

ಬಂದದ್ದು ಒಂದು ಅವಮಾನ, ಏಳು ವರ್ಷದ ಹಿಂದೆ. ಆ ನಾಟಕದಲ್ಲಿ ಅಪ್ಪ ಮಗಳಿಂದ ಒಂದು ಕಾಗದ ಮುಚ್ಚಿಡುತ್ತಾನೆ. ಎರಡನೇ ದೃಶ್ಯದಲ್ಲಿ ಮಗಳು "ಅಪ್ಪ, ಊಟ ಆಯ್ತಾ?" ಅನ್ನುತ್ತಾಳೆ. ಅಪ್ಪ "ಆಯ್ತು ಮಗಳೇ, ನೀನು ಮಲಗು" ಅನ್ನಬೇಕು. ನಾಲ್ಕನೇ ದೃಶ್ಯದಲ್ಲೂ ಮಗಳು ಅದನ್ನೇ ಕೇಳುತ್ತಾಳೆ. ಆಗ ಅಪ್ಪ ಜೇಬಿನಿಂದ ಕಾಗದ ತೆಗೆದು ಕೊಡಬೇಕು. ಅಲ್ಲಿಗೆ ನಾಟಕ ಮುಗಿಯುತ್ತದೆ. ಅಪ್ಪನಾಗಿದ್ದ ಅಂಗಡಿಯವರು ಎರಡನೇ ದೃಶ್ಯದಲ್ಲೇ ಕಾಗದ ತೆಗೆದರು. ಮೈಕಣ್ಣ ಮರೆಯಿಂದ, ತನ್ನ ಲೆಕ್ಕದಲ್ಲಿ ಮೆಲ್ಲಗೇ, "ಈಗಲ್ಲ ಸ್ವಾಮಿ, ಒಳಗಿಡಿ" ಅಂದ. ಸಭಾಂಗಣದ ಕೊನೆಯ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತೀರ್ಪುಗಾರರು ಹಾಳೆಯಲ್ಲಿ ಬರೆದರು: "ಮರೆಯಲ್ಲಿದ್ದ ಪಾತ್ರಧಾರಿಯ ಉಚ್ಚಾರಣೆ ಸ್ಪಷ್ಟವಾಗಿದೆ."

ಮರುವರ್ಷ ಮೇಷ್ಟ್ರು ಹಟಕ್ಕೆ ಬಿದ್ದು ಅದೇ ನಾಟಕ ಎತ್ತಿಕೊಂಡರು. ಪ್ರಾಂಪ್ಟರ್ ದನಿ ಜನರಿಗೆ ಕೇಳಿಸಿದರೆ ಹತ್ತು ಅಂಕ ಕಡಿತ ಎಂದು ಉತ್ಸವದವರು ಹೊಸ ನಿಯಮ ಮಾಡಿದ್ದರು. ಯಾರಿಗಾಗಿ ಮಾಡಿದ್ದು ಎಂದು ಎಲ್ಲರಿಗೂ ಗೊತ್ತಿತ್ತು.

"ಮೈಕಣ್ಣ, ಬೇಜಾರು ಮಾಡ್ಕೋಬೇಡಿ" ಅಂದರು ಮೇಷ್ಟ್ರು. "ಈ ಸಲ ಲೈಬ್ರರಿಯವ್ರು ಮಾತು ಕೊಡ್ತಾರೆ. ನೀವು ಪರದೆ ನೋಡ್ಕೊಳ್ಳಿ."

"ಪರದೆಗೇನಾಗಿದೆ ನೋಡ್ಕೊಳ್ಳೋಕೆ?"

ಮೇಷ್ಟ್ರು ಆತನ ಕಂಕುಳಿನ ಪುಸ್ತಕ ತೆಗೆದು ಲೈಬ್ರರಿಯವರಿಗೆ ಕೊಟ್ಟರು.

ಮನೆಗೆ ಬಂದವನು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತ. ಕೊಟ್ಟ ಟೀ ಆರಿ ಕೆನೆ ಕಟ್ಟಿತು. ಹೆಂಡತಿ ಬಟ್ಟೆ ಮಡಿಸುತ್ತಾ ನೋಡುತ್ತಿದ್ದಳು. ಆಕೆಯೂ ಅದೇ ಮಿಲ್ಲಿನವಳು, ನೂಲಿನ ಕಂಡಿಕೆ ಸುತ್ತುತ್ತಿದ್ದವಳು. ಆ ಸದ್ದಿನಲ್ಲಿ ಕೂಗಿ ಸುಖವಿಲ್ಲ. ಅಲ್ಲಿನವರು ದನಿ ಬಿಡದೆ ಬರೀ ತುಟಿ ಆಡಿಸಿ ಮಾತಾಡುತ್ತಾರೆ. ನೂಲು ತುಂಡಾಯಿತು, ಮೇಸ್ತ್ರಿ ಬಂದ, ಟೀ ಬಂತು, ಎಲ್ಲ ತುಟಿಯಲ್ಲೇ. ನನ್ನ ಮದುವೆ ಆಗ್ತೀಯಾ ಎಂದು ಮೈಕಣ್ಣ ಕೇಳಿದ್ದೂ ಹನ್ನೆರಡು ಮಗ್ಗದ ಆಚೆಯಿಂದ, ತುಟಿಯಲ್ಲೇ. ಆಕೆಗಿಂತ ಮೊದಲು ಇಡೀ ಶೆಡ್ಡು ಓದಿಬಿಟ್ಟಿತ್ತು.

ಹೆಂಡತಿ ಬಟ್ಟೆ ಕೆಳಗಿಟ್ಟಳು. ದನಿಯಿಲ್ಲದೆ ಕೇಳಿದಳು.

"ರೀ, ಹಿಂಗೆ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ?"

ಮೈಕಣ್ಣ ಆಕೆಯ ಬಾಯಿಯನ್ನೇ ನೋಡಿದ. "ಇನ್ನೊಂದ್ಸಲ ಹೇಳೇ" ಅಂದ, ತಾನೂ ದನಿಯಿಲ್ಲದೆ. ಆಮೇಲೆ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದ.

ಮರುದಿನ ಡ್ರಾಯಿಂಗ್ ಕೋಣೆಯಲ್ಲಿ ತಾಲೀಮು. ಮೈಕಣ್ಣ ಕಿಟಕಿಯ ಪಕ್ಕ ನಿಂತು ತುಟಿ ಆಡಿಸಿದ. ಮಿಲ್ಲಿನವರು ಒಂದಕ್ಷರ ಬಿಡದೆ ಎತ್ತಿಕೊಂಡರು. ನರ್ಸಮ್ಮನೂ ಮೂರು ದಿನಕ್ಕೆ ಕಲಿತಳು. ಗಂಟಲಿಗೆ ನಳಿಗೆ ಹಾಕಿಸಿಕೊಂಡ ರೋಗಿಗಳ ಜೊತೆ ಆಕೆಗೆ ದಿನವೂ ಇದೇ ಕೆಲಸ. ಅಂಗಡಿಯವರು ಮಾತ್ರ ಕೈ ಚೆಲ್ಲಿದರು.

"ನಂಗೆ ಮೀನು ಬಾಯಿ ಬಿಟ್ಟಂಗೆ ಕಾಣುತ್ತೆ."

"ನಾನು ಕಲಿಸ್ತೀನಿ" ಅಂದ ಮೈಕಣ್ಣ.

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಒಂದೇ ಅವಕಾಶ. ದನಿ ಕೇಳ್ಸಿತೋ, ಆ ಜಾಗದಲ್ಲಿ ನಿಮಗೆ ಅದೇ ಕೊನೆ."

"ಒಪ್ಪಿದೆ" ಅಂದ. ಆ ಮಾತು ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿತು. ಲೈಬ್ರರಿಯವರು ಬದುಕಿದೆ ಎಂದುಕೊಂಡು ಮನೆಗೆ ಹೋದರು. ಅವರ ಮೆಲುದನಿ ಅವರಿಗೇ ಕೇಳಿಸುತ್ತಿರಲಿಲ್ಲ.

ಆಮೇಲೆ ಎರಡು ತಿಂಗಳು ಮೈಕಣ್ಣ ಪಾಳಿ ಮುಗಿಸಿ ನೇರ ಮೆಡಿಕಲ್ ಅಂಗಡಿಗೆ ಹೋಗುತ್ತಿದ್ದ. ಅಂಗಡಿಯ ಮುಂದಲ್ಲ, ರಸ್ತೆಯ ಆಚೆ ಬದಿಗೆ. ಅಲ್ಲಿಂದ ತುಟಿಯಲ್ಲೇ ಔಷಧಿ ಕೇಳುತ್ತಿದ್ದ. ತಲೆನೋವಿನ ಮಾತ್ರೆ ಕೇಳಿದರೆ ಅಂಗಡಿಯವರು ಕೆಮ್ಮಿನ ಸಿರಪ್ ಎತ್ತಿ ತೋರಿಸುತ್ತಿದ್ದರು. ಹತ್ತಿ ಕೇಳಿದರೆ ಥರ್ಮಾಮೀಟರು. ಗಿರಾಕಿಗಳು ನಿಂತು ತಮಾಷೆ ನೋಡುತ್ತಿದ್ದರು.

"ಯಾಕಪ್ಪ, ಆ ಮನುಷ್ಯನಿಗೆ ಏನಾಗಿದೆ?" ಎಂದು ಒಬ್ಬ ಮುದುಕಿ ಕೇಳಿದಳು.

"ಅವ್ರಿಗೇನಿಲ್ಲಜ್ಜಿ, ಆಗಿರೋದೆಲ್ಲ ನಂಗೇ" ಅಂದರು ಅಂಗಡಿಯವರು.

ಐವತ್ತನೇ ದಿನಕ್ಕೆ ಮೈಕಣ್ಣ ಕೇಳಿದ್ದನ್ನೇ ಎತ್ತಿ ತೋರಿಸಿದರು. ಆ ದಿನ ಆತ ಮನೆಗೆ ಓಡುತ್ತಾ ಬಂದ.

ಉತ್ಸವದಲ್ಲಿ ಇವರ ನಾಟಕ ಮಧ್ಯಾಹ್ನ ಮೂರಕ್ಕೆ. ಇವರಿಗಿಂತ ಮೊದಲು ಆಡಿದ ತಂಡದ ಪ್ರಾಂಪ್ಟರ್ ದನಿ ಎರಡು ಸಲ ಹೊರಗೆ ಬಂತು. ತೀರ್ಪುಗಾರರ ಪೆನ್ನು ಎರಡು ಸಲ ಆಡಿತು. ಮೈಕಣ್ಣ ಪರದೆಯ ಮರೆಯಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಗುಂಡಿ ಹೊಲಿಯಲು ಸೂಜಿದಾರ, ಬಣ್ಣ ನೋಡಿಕೊಳ್ಳಲು ಒಂದು ಕೈಗನ್ನಡಿ ಹಿಡಿದುಕೊಂಡು.

ಮೊದಲ ದೃಶ್ಯ ನೀರು ಕುಡಿದಂತೆ ಹೋಯಿತು. ಎರಡನೆಯದರಲ್ಲಿ ನರ್ಸಮ್ಮ ಬಂದು "ಅಪ್ಪ, ಊಟ ಆಯ್ತಾ?" ಅಂದಳು.

ಅಂಗಡಿಯವರ ಕೈ ಜೇಬಿಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಹೋದ ವರ್ಷದ ನಗು ಅವರಿಗೆ ನೆನಪಾಗಿರಬೇಕು. ಕಾಗದದ ತುದಿ ಹೊರಗೆ ಕಾಣುತ್ತಿತ್ತು. ಒಳಗೋ ಹೊರಗೋ ಅವರಿಗೆ ತಿಳಿಯಲಿಲ್ಲ. ಕಣ್ಣು ಪರದೆಯ ಕಡೆ ಹೊರಳಿತು.

ಮೈಕಣ್ಣ ತುಟಿ ಆಡಿಸಿದ. ಅಂಗಡಿಯವರು ಪಿಳಿಪಿಳಿ ನೋಡಿದರು. ಮತ್ತೆ ಆಡಿಸಿದ. ಆಗ ಮೈಕಣ್ಣನಿಗೆ ಹೊಳೆಯಿತು. ಡ್ರಾಯಿಂಗ್ ಕೋಣೆಗೆ ಕಿಟಕಿ ಇತ್ತು, ರಸ್ತೆಯಲ್ಲಿ ಬೆಳಕಿತ್ತು. ಇಲ್ಲಿ ರಂಗಕ್ಕೆ ದೀಪ, ಮರೆಯಲ್ಲಿ ಕಗ್ಗತ್ತಲೆ. ತುಟಿ ಯಾರಿಗೆ ಕಾಣಬೇಕು? ಎರಡು ತಿಂಗಳಲ್ಲಿ ಇದೊಂದು ಯಾರ ತಲೆಗೂ ಬಂದಿರಲಿಲ್ಲ.

ದನಿ ಗಂಟಲ ತನಕ ಬಂತು. ಒಂದು ಮಾತು ಸಾಕು, ನಾಟಕ ಉಳಿಯುತ್ತದೆ, ತನ್ನ ಜಾಗ ಹೋಗುತ್ತದೆ. ಹೋದರೆ ಹೋಗಲಿ ಎಂದು ಆತ ಉಸಿರು ಎಳೆದುಕೊಂಡ.

ಆತನ ಬಾಯಿಯ ಮೇಲೆ ಬೆಳಕು ಬಿತ್ತು.

ಹೆಂಡತಿ ಕೈ ಮುಂದೆ ಚಾಚಿ ಕೈಗನ್ನಡಿ ಓರೆ ಹಿಡಿದಿದ್ದಳು. ರಂಗದ ದೀಪ ಕನ್ನಡಿಗೆ ಬಡಿದು, ಅಂಗೈ ಅಗಲದ ಬೆಳಕು ಆತನ ತುಟಿಯ ಮೇಲೆ ನಿಂತಿತ್ತು. ಎಳೆದುಕೊಂಡ ಉಸಿರನ್ನು ಮೈಕಣ್ಣ ಸದ್ದಿಲ್ಲದೆ ಬಿಟ್ಟ. ಒಂದೊಂದೇ ಅಕ್ಷರ ಬಿಡಿಸಿ ತುಟಿ ಆಡಿಸಿದ.

ಅಂಗಡಿಯವರು ಕಾಗದವನ್ನು ಮೆಲ್ಲಗೆ ಒಳಗೆ ತಳ್ಳಿದರು. ಜೇಬಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದರು: "ಆಯ್ತು ಮಗಳೇ. ನೀನು ಮಲಗು."

ಸಭಾಂಗಣದಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಮೂರನೇ ದಿನ ಸಂಜೆ ಫಲಿತಾಂಶ. ಮೊದಲ ಬಹುಮಾನ ಇವರಿಗೆ. ತೀರ್ಪುಗಾರರು ಎದ್ದು ನಿಂತು, ಎರಡನೇ ದೃಶ್ಯದಲ್ಲಿ ಕಾಗದ ತೆಗೆಯಲೋ ಬೇಡವೋ ಎಂದು ಅಪ್ಪ ತಡವರಿಸಿದ್ದು ಈ ಉತ್ಸವದಲ್ಲೇ ಒಳ್ಳೆಯ ನಟನೆ ಎಂದರು. ಅಂಗಡಿಯವರು ನೆಲ ನೋಡಿದರು. "ಈ ಸಲ ನಿಮಗೆ ಪ್ರಾಂಪ್ಟರ್ ಇರಲಿಲ್ವಾ?" ಎಂದೂ ತೀರ್ಪುಗಾರರು ಕೇಳಿದರು.

"ಇದ್ರು" ಅಂದರು ಮೇಷ್ಟ್ರು. "ಮೈಕಣ್ಣ, ಬನ್ನಿ ಮೇಲಕ್ಕೆ. ಬರೋವಾಗ ನಿಮ್ಮ ಮನೆಯವ್ರನ್ನೂ ಕರ್ಕೊಂಡು ಬನ್ನಿ."

ಎರಡು ಮಾತಾಡಿ ಎಂದು ಆತನ ಮುಂದೆ ಮೈಕು ಇಟ್ಟರು. ಹೋದ ವರ್ಷ ನಕ್ಕವರು ಈಗಲೇ ನಗಲು ಬಾಯಿ ಸರಿಮಾಡಿಕೊಂಡರು. ಮೈಕಣ್ಣ ಮೈಕನ್ನು ಪಕ್ಕಕ್ಕೆ ಸರಿಸಿದ. ಜನರ ಕಡೆ ತಿರುಗಿ ತುಟಿ ಆಡಿಸಿದ.

ಹಿಂದಿನ ಸಾಲುಗಳಲ್ಲಿ ಮಿಲ್ಲಿನವರು ಕೂತಿದ್ದರು. ಅವರು ಮೊದಲು ನಕ್ಕರು. ಆಮೇಲೆ ಒಬ್ಬ ಎದ್ದು ತಾನು ಕೂತಿದ್ದ ಕುರ್ಚಿ ಎತ್ತಿದ. ಅದು ತಲೆಗಳ ಮೇಲೆ ಕೈಯಿಂದ ಕೈಗೆ ದಾಟಿ ರಂಗದ ಮೇಲೆ ಬಂತು.

"ಏನಂದ್ರಂತೆ?" ತೀರ್ಪುಗಾರರು ಮೇಷ್ಟ್ರನ್ನು ಕೇಳಿದರು.

"ಕನ್ನಡಿ ಹಿಡ್ದೋಳು ಅವತ್ತೂ ನಿಂತೇ ಇದ್ಲು, ಇವತ್ತೂ ನಿಂತೇ ಇದ್ದಾಳೆ, ಒಂದು ಕುರ್ಚಿ ಕೊಡಿ ಅಂದ್ರು."

ಹೆಂಡತಿ ಕೂತಳು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಸದ್ದು ಮೈಕಣ್ಣನಿಗೂ ಕೇಳಿಸಿತು.

ಆಮೇಲೆ ಐದು ಉತ್ಸವಗಳಲ್ಲಿ ಆ ಜಾಗ ಆತನದೇ. ಒಂದು ಸಲವೂ ದನಿ ಹೊರಗೆ ಬರಲಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ಆತನ ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟರು. ಇನ್ನು ಇವರಿಗೆ ಮಾತಾಡೋಕಾಗಲ್ಲಮ್ಮ ಎಂದು ಡಾಕ್ಟರು ಹೆಂಡತಿಗೆ ಮೆಲ್ಲಗೆ ಹೇಳಿದರು. ಹೆಂಡತಿ ನರ್ಸಮ್ಮನ ಮುಖ ನೋಡಿದಳು. ಆ ಹೊತ್ತಿನಲ್ಲೂ ಇಬ್ಬರಿಗೂ ನಗು ಬಂತು. ಆ ಮನುಷ್ಯ ಉಳಿದ ಹನ್ನೊಂದು ದಿನ ಬಾಯಿ ಮುಚ್ಚಲಿಲ್ಲ.