ಮುಳುಗಲೆಂದು ಇಟ್ಟ ಬಯಲು

ಅಜ್ಜಿಯ ಕೆಸು ಹಾಳಾದದ್ದು ಬಿರುಗಾಳಿಯಿಂದಲ್ಲ, ನನ್ನ ಬಾಯಿಂದ. ಬಿರುಗಾಳಿ ಬರುತ್ತದೆಂದು ಮೂರು ದಿನ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಗೆಡ್ಡೆ ಅಗೆದುಬಿಡೋಣ ಎಂದು ಅಜ್ಜಿ ಹೇಳಿದಳು, ನಾನು ಬೇಡ ಎಂದೆ. ಆದದ್ದು ಇಷ್ಟೇ. ಮಗಳು ಓದಿದವಳು, ಇದಕ್ಕೆ ಹತ್ತು ಕಾರಣ ಹೇಳುತ್ತಾಳೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ನನಗೆ ಒಂದೇ ಕಾರಣ ಗೊತ್ತು.

ಅಜ್ಜಿ ಎಂದರೆ ಹೊಳೆಯ ಹಳ್ಳಿಯ ಜಪಾನಿ ಅಜ್ಜಿ. ನಾನೂ ಅಜ್ಜಿಯೇ, ಆದರೆ ಅವಳು ನನಗಿಂತ ಹತ್ತು ವರ್ಷ ಹಿರಿಯಳು. ಮಗಳು ಜಪಾನಿನ ಕಾಶಿವಾ ಎಂಬ ಊರಿನ ಯೂನಿವರ್ಸಿಟಿಯಲ್ಲಿ ರಿಸರ್ಚ್ ಮಾಡುತ್ತಾಳೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳಲೆಂದು ನನ್ನನ್ನು ಕರೆಸಿಕೊಂಡಳು. ಅವಳ ಫ್ಲ್ಯಾಟಿನಿಂದ ಇಪ್ಪತ್ತು ನಿಮಿಷ ನಡೆದರೆ ಆ ಹಳ್ಳಿ ಸಿಗುತ್ತದೆ. ಮಾಡಲು ಕೆಲಸವಿಲ್ಲದೆ ದಿನವೂ ಅಲ್ಲಿಯ ತನಕ ನಡೆಯುತ್ತಿದ್ದೆ.

ಮೂವತ್ತು ಮನೆ ಇರಬಹುದು. ಎಲ್ಲವೂ ದಿಣ್ಣೆಯ ಅಂಚಿಗೆ ಒಂದೇ ಸಾಲಾಗಿ ಕೂತಿವೆ. ಭಾರದ ಕಪ್ಪು ಹೆಂಚು, ಕತ್ತರಿ ಹಿಡಿದು ಉಂಡೆ ಉಂಡೆಯಾಗಿ ಮಾಡಿಟ್ಟ ಮರಗಳು, ಕೀಳುವವರಿಲ್ಲದೆ ಗಿಡದಲ್ಲೇ ಕಪ್ಪಾಗುವ, ಟೊಮೇಟೊ ಹಾಗಿರುವ ಕಾಕಿ ಹಣ್ಣು. ಸಂಜೆ ಐದಕ್ಕೆ ಕಂಬದ ಮೈಕಿನಲ್ಲಿ ಒಂದು ರಾಗ ಬರುತ್ತದೆ, ಆಟ ಸಾಕು, ಮನೆಗೆ ಹೋಗಿ ಎಂದು ಮಕ್ಕಳಿಗೆ. ಆ ಬೀದಿಯಲ್ಲಿ ನಾನು ಒಂದು ಮಗುವನ್ನೂ ಕಂಡಿಲ್ಲ.

ಮನೆಗಳ ಹಿಂದೆ ಇಳಿಜಾರು, ಇಳಿದರೆ ಬಯಲು. ಕಣ್ಣು ಹೋದಷ್ಟು ದೂರ ಗದ್ದೆ, ಹೊಲ, ನಡುವೆ ನೆಟ್ಟಗೆ ಹೋಗುವ ಸಿಮೆಂಟಿನ ಕಾಲುವೆ, ಅದರ ಅಂಚಿಗೆ ಬೆಳ್ಳಕ್ಕಿ. ಬಯಲಿನ ಆಚೆ ತುದಿಗೆ ಒಂದು ಏರಿ. ಅದನ್ನು ಹತ್ತಿದರೆ ಜೊಂಡು, ಜೊಂಡಿನ ಆಚೆ ಹೊಳೆ. ಏರಿ ಹತ್ತುವ ತನಕ ಅಲ್ಲೊಂದು ಹೊಳೆ ಇದೆಯೆಂದೇ ಗೊತ್ತಾಗುವುದಿಲ್ಲ. ಏರಿಯ ಒಂದು ಕಡೆ ಉದ್ದಕ್ಕೆ ತಗ್ಗಾಗಿತ್ತು, ಅದಕ್ಕೆ ಸಿಮೆಂಟು ಬಳಿದಿದ್ದರು. ಟ್ರ್ಯಾಕ್ಟರ್ ದಾಟಲು ಇರಬೇಕು ಎಂದುಕೊಂಡೆ. ಅಷ್ಟು ದೊಡ್ಡ ಬಯಲಿನಲ್ಲಿ ಒಂದೇ ಒಂದು ಮನೆ ಇಲ್ಲ, ಗುಡಿಸಲೂ ಇಲ್ಲ. ನಮ್ಮ ಮಂಡ್ಯದ ಕಡೆ ಇಂಥ ಸಮತಟ್ಟು ಜಾಗ ಸಿಕ್ಕಿದ್ದರೆ ಒಂದು ಕೋಳಿ ಫಾರಮ್ಮು, ಒಂದು ಕಲ್ಯಾಣಮಂಟಪ ಎದ್ದಿರುತ್ತಿತ್ತು. ಇವರಿಗೆ ಜಾಗದ ಬೆಲೆ ಗೊತ್ತಿಲ್ಲ ಎಂದು ಮಗಳಿಗೂ ಹೇಳಿದೆ.

ಅಜ್ಜಿ ಸಿಕ್ಕಿದ್ದು ಕೆಸುವಿನ ಹೊಲದಲ್ಲಿ. ಎಲೆಗಳನ್ನು ಕೊಯ್ದು ಬದಿಗೆ ಎಸೆಯುತ್ತಿದ್ದಳು. ನಾನು ಎಳೆಯವನ್ನು ಆರಿಸಿಕೊಂಡು ಸೆರಗಿಗೆ ಹಾಕಿಕೊಂಡೆ. ದನಕ್ಕಾ ಎಂಬ ಹಾಗೆ ತಲೆಯ ಮೇಲೆ ಎರಡು ಬೆರಳು ಇಟ್ಟು ಕೇಳಿದಳು. ನಾನು ನನ್ನ ಬಾಯಿ ತೋರಿಸಿದೆ. ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನಕ್ಕಳು. ಅವತ್ತಿನಿಂದ ಅವಳ ಜೊತೆ ಕಳೆ ಕಿತ್ತೆ, ಮಣ್ಣು ಏರಿಸಿದೆ. ನನಗೆಂದು ನಾಲ್ಕು ಸಾಲು ಬಿಟ್ಟುಕೊಟ್ಟಳು. ನನಗೆ ಬರುತ್ತಿದ್ದದ್ದು ಕ್ಷಮಿಸಿ ಎನ್ನಲು ಸುಮಿಮಾಸೆನ್, ಉಪಕಾರವಾಯಿತು ಎನ್ನಲು ಅರಿಗಾತೋ, ಎರಡೇ ಮಾತು. ಬೇರೆ ಏನಾದರೂ ಹೇಳಬೇಕಿದ್ದರೆ ಬುಧವಾರದ ತನಕ ಕಾಯುತ್ತಿದ್ದೆವು. ಬುಧವಾರ ಮೊಮ್ಮಗಳಿಗೆ ಸ್ಕೂಲು ಬೇಗ ಬಿಡುತ್ತದೆ, ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳಿಗೆ ಒಂಬತ್ತು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಅರ್ಧ ಬರುತ್ತದೆ.

ಅಜ್ಜಿಯ ಮಗ ಯೋಕೋಹಾಮಾದಲ್ಲಿ ಇಂಜಿನಿಯರು. ತಾಯಿಯ ಮಂಡಿ ನೋಡಿ ಹೊಲ ಬಿಡು ಎನ್ನುತ್ತಿದ್ದ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರಂತೆ. ಈ ಸಲದ ಬೆಳೆ ಕೈಗೆ ಬಂದರೆ ಇನ್ನೊಂದು ವರ್ಷ, ಬಾರದಿದ್ದರೆ ಹೊಲ ಬೇರೆಯವರಿಗೆ. ಅಜ್ಜಿಗೆ ಆ ಹೊಲ ಬಿಟ್ಟರೆ ಟಿವಿ, ಟಿವಿ ಬಿಟ್ಟರೆ ಮಂಡಿಯ ಡಾಕ್ಟರು.

ಆ ಬುಧವಾರ ಅಜ್ಜಿ ನಮಗಾಗಿ ಕಾಯುತ್ತಾ ಬದುವಿನ ಮೇಲೆ ನಿಂತಿದ್ದಳು. ಮೊಮ್ಮಗಳಿಗೆ ಏನೋ ಅವಸರದಲ್ಲಿ ಹೇಳಿದಳು.

"ಅಜ್ಜಿ, ನಾಳೆನೇ ಎಲ್ಲಾ ಅಗೀಬೇಕಂತೆ. ಟೈಫೂನ್ ಬರತ್ತಂತೆ."

"ನಾಳೆ ಆಗಲ್ಲ ಅನ್ನು. ಗೆಡ್ಡೆ ಇನ್ನೂ ಬಲ್ತಿಲ್ಲ. ಹದಿನೈದು ದಿನ ಬಿಟ್ರೆ ಮುಷ್ಟಿ ಗಾತ್ರ ಆಗ್ತವೆ."

ಅಜ್ಜಿ ಏರಿಯ ತಗ್ಗಿನ ಕಡೆ ಕೈ ತೋರಿಸಿದಳು.

"ವಾಟರ್ ಅಲ್ಲಿಂದ ಬರತ್ತಂತೆ."

"ಎರಡಾಳೆತ್ತರದ ಏರಿ ಕಣೇ ಅದು. ದಾಟಿ ಬರುತ್ತಾ?"

"ದಾಟಿ ಅಲ್ಲ ಅಜ್ಜಿ. ಅವ್ರೇ ಬಿಡ್ತಾರಂತೆ. ಒಳಗೆ. ಆನ್ ಪರ್ಪಸ್."

"ಬೆಳೆ ನಿಂತಿರೋ ಹೊಲಕ್ಕೆ ಯಾರಾದ್ರೂ ಬೇಕೂಂತ ಹೊಳೆ ನುಗ್ಸ್ತಾರಾ? ಸರಿಯಾಗಿ ಕೇಳಿಸ್ಕೊ."

"ಸರಿಯಾಗೇ ಕೇಳಿಸ್ಕೊಂಡೆ. ಬೇಕಾದ್ರೆ ನೀನೇ ಕೇಳು, ಜಪಾನೀಸಲ್ಲಿ."

ನಾನು ಹುಟ್ಟಿ ಬೆಳೆದದ್ದು ನಾಲೆಯ ಊರಿನಲ್ಲಿ. ಅಲ್ಲಿ ಏರಿ ಕಟ್ಟುವುದು ನೀರು ನಿಲ್ಲಿಸಲು. ಏರಿ ತಗ್ಗಾಗಿದೆ ಎಂದರೆ ಸೋಮಾರಿ ಮಣ್ಣು ಹಾಕಿಲ್ಲ, ಇಲ್ಲವೇ ಕಳ್ಳ ಒಡೆದಿದ್ದಾನೆ. ಬೇಕೆಂದೇ ತಗ್ಗು ಮಾಡಿ ಕಟ್ಟುತ್ತಾರೆ ಎನ್ನುವುದು ನನ್ನ ತಲೆಗೆ ಇಳಿಯಲಿಲ್ಲ. ಮಗುವಿಗೆ ಅದನ್ನು ಕನ್ನಡದಲ್ಲಿ ಸರಿಯಾಗಿ ಹೇಳಲು ಬರುತ್ತಿಲ್ಲ ಎಂದುಕೊಂಡೆ. ಇನ್ನೊಂದು ನಿಜವನ್ನೂ ಹೇಳಬೇಕು. ಶುಕ್ರವಾರ ಮಗಳ ಮನೆಗೆ ಕನ್ನಡದವರು ಹತ್ತು ಜನ ಊಟಕ್ಕೆ ಬರುವವರಿದ್ದರು. ಗುರುವಾರ ನನಗೆ ಒಬ್ಬಟ್ಟಿನ ಹೂರಣದ ಕೆಲಸವಿತ್ತು.

ಕೆಸು ಅಗೆಯಲು ಇಬ್ಬರು ಬೇಕು. ಒಬ್ಬರು ಹಾರೆ ಹಾಕಿ ಮೀಟಬೇಕು, ಒಬ್ಬರು ಬುಡ ಹಿಡಿದು ಎಳೆಯಬೇಕು. ಆ ಮಂಡಿಯಲ್ಲಿ ಅವಳೊಬ್ಬಳಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾಳೆ ಬೇಡವೆಂದು ಮೊಮ್ಮಗಳ ಕೈಲಿ ಹೇಳಿಸಿದೆ. ಅಜ್ಜಿ ನನ್ನ ಮುಖ ನೋಡಿ ತಲೆ ಆಡಿಸಿದಳು. ಇಲ್ಲಿಯವರು ಎಲ್ಲಕ್ಕೂ ತಲೆ ಆಡಿಸುತ್ತಾರೆ.

ಊಟಕ್ಕೆ ಯಾರೂ ಬರಲಿಲ್ಲ. ರೈಲು ನಿಲ್ಲಿಸುತ್ತಾರೆಂದು ಎಲ್ಲರೂ ಫೋನಿನಲ್ಲೇ ಕ್ಷಮೆ ಕೇಳಿದರು. ಶನಿವಾರವೆಲ್ಲ ಮಳೆ ಹೊಡೆಯಿತು, ಎಚ್ಚರಿಕೆಯ ಗಂಟೆ ಬಡಿದು ಬಡಿದು ಫೋನುಗಳು ಸುಸ್ತಾದವು. ಭಾನುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೊಮ್ಮಗಳನ್ನು ಕರೆದುಕೊಂಡು ಹಳ್ಳಿಗೆ ಹೋದೆ.

ಬಯಲು ಇರಲಿಲ್ಲ. ದಿಣ್ಣೆಯ ಬುಡದಿಂದ ಏರಿಯ ತನಕ ಕಂದು ನೀರು. ಅಲೆಯಿಲ್ಲ, ಸದ್ದಿಲ್ಲ. ಕರೆಂಟಿನ ಕಂಬಗಳು ಸೊಂಟದ ತನಕ ಮುಳುಗಿ ಸಾಲಾಗಿ ನಿಂತಿದ್ದವು. ಬೆಳ್ಳಕ್ಕಿಗಳು ಇಳಿಜಾರಿಗೆ ಬಂದು ಕೂತಿದ್ದವು. ಹಳ್ಳಿಯವರು ಒಗೆದ ಬಟ್ಟೆ ಹಾಕಿಕೊಂಡು ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಒಂದು ಮನೆಯ ಹೊಸ್ತಿಲೂ ನೆನೆದಿರಲಿಲ್ಲ. ಮನೆಗಳೆಲ್ಲ ಯಾಕೆ ಮೇಲೆ ಕೂತಿವೆ ಎಂದು ಆಗ ತಿಳಿಯಿತು. ಪಕ್ಕದಲ್ಲಿದ್ದ ಗಂಡಸು ಹೇಳಿದ್ದನ್ನು ಮೊಮ್ಮಗಳು ನನಗೆ ಹೇಳಿದಳು. ಹೊಳೆ ಉಕ್ಕಿದಾಗ ಏರಿಯ ಆ ತಗ್ಗಿನಿಂದ ನೀರನ್ನು ಈ ಬಯಲಿಗೆ ತೆಗೆದುಕೊಳ್ಳುತ್ತಾರೆ, ಇದು ತುಂಬಿದರೆ ಕೆಳಗಿನ ಊರುಗಳು ಉಳಿಯುತ್ತವೆ. ಬಯಲನ್ನು ಇಟ್ಟಿರುವುದೇ ಅದಕ್ಕೆ.

"ನಾನು ಹೇಳಿದ್ನಲ್ಲ," ಎಂದಳು.

ಮನೆಯಲ್ಲಿ ಹಾಲು ಮುಗಿದದ್ದು ನೆನಪಾಯಿತು. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋದೆವು. ಹಾಲಿನ ಕಪಾಟು ಖಾಲಿ, ಬ್ರೆಡ್ಡಿನದೂ ಖಾಲಿ. ಮನೆಗೆ ಬಂದು ಒಬ್ಬಟ್ಟು ತಿಂದೆ. ನಾಲ್ಕು ದಿನ ಅದನ್ನೇ ತಿಂದೆವು. ರುಚಿ ಹೇಗಿತ್ತೆಂದು ಕೇಳಿದರೆ ನನಗೆ ಗೊತ್ತಿಲ್ಲ.

ನೀರು ಇಳಿಯಲು ಎರಡು ವಾರ ಹಿಡಿಯಿತು. ಅಜ್ಜಿ, ಅವಳ ಮಗ, ನನ್ನ ಮೊಮ್ಮಗಳು, ನಾನು, ನಾಲ್ವರೂ ಇಳಿದೆವು. ಎಲ್ಲೆಲ್ಲಿಯದೋ ಗದ್ದೆಯ ಒಣಹುಲ್ಲು ತೇಲಿ ಬಂದು ಹೊಲದ ಮೇಲೆ ಮೊಳದಷ್ಟು ದಪ್ಪಕ್ಕೆ ಕೂತಿತ್ತು. ಮಗ ಅದನ್ನು ಸರಿಸಿ ಒಂದು ಬುಡ ಮೀಟಿದ. ಗೆಡ್ಡೆ ಕೈಗೆ ಬರಲಿಲ್ಲ, ಕೊಳೆತು ಲೋಳೆಯಾಗಿ ಬಂತು. ಅಜ್ಜಿ ಮುಟ್ಟಿ, ಮೂಸಿ, ಬೆರಳನ್ನು ಹುಲ್ಲಿಗೆ ಒರೆಸಿದಳು. ಮಗ ಮೆಲ್ಲಗೆ ಏನೋ ಹೇಳಿದ. ಅವಳು ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು.

"ಹೊಲ ಇನ್ನು ಸಾಕು ಅಂತೆ. ಆ ಅಜ್ಜಿ ಕೂಡ ಓಕೆ ಅಂದ್ರು," ಎಂದಳು ಮೊಮ್ಮಗಳು.

"ಅಗೀಬೇಡಿ ಅಂದಿದ್ದು ನಾನು ಅಂತ ಹೇಳು."

"ಬೇಡ ಅಜ್ಜಿ. ಇಟ್ಸ್ ಓಕೆ."

"ಹೇಳು ಅಂದೆ."

ಹೇಳಿದಳು. ಮಗ ಬಗ್ಗಿ ನಮಸ್ಕಾರ ಮಾಡಿ, ಅಮ್ಮನಿಗೆ ಇಷ್ಟು ದಿನ ಜೊತೆಯಾದಿರಿ, ಉಪಕಾರವಾಯಿತು ಎಂದನಂತೆ. ಅಜ್ಜಿ ಬಗ್ಗಲಿಲ್ಲ. ನನ್ನನ್ನೇ ನೋಡಿ ಚುಟುಕಾಗಿ ಏನೋ ಅಂದಳು.

"ಏನಂತೆ?"

"ಹೌದು, ನೀನೇ ಅಂತೆ," ಎಂದಳು ಮೊಮ್ಮಗಳು.

ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹೇಳಿದೆ.

"ಅಮ್ಮಾ, ಟೈಫೂನ್ ಬಂದ್ರೆ ನೀನೇನ್ ಮಾಡ್ತೀಯಾ? ಆ ಲ್ಯಾಂಡೇ ಹಾಗೆ. ಸುಮ್ನೆ ತಲೆಗೆ ಹಚ್ಕೋಬೇಡ," ಎಂದಳು.

"ತಲೆಗೆ ಏನೂ ಹಚ್ಕೊಂಡಿಲ್ಲ. ಸಾರು ಹಾಕ್ಲಾ?" ಎಂದೆ.

ಮಾರನೇ ದಿನ ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲಿಗೆ ಕಳಿಸಿ, ಮಗಳ ರಬ್ಬರ್ ಬೂಟು ಹಾಕಿಕೊಂಡು ಬಯಲಿಗೆ ಇಳಿದೆ. ಹುಲ್ಲು ಹಾಗೇ ಇದ್ದರೆ, ಯಾರ ಕೈಗೆ ಹೋದರೂ ಆ ಹೊಲವನ್ನು ಮಾಡುವಂತಿರಲಿಲ್ಲ. ಹಸಿ ಹುಲ್ಲು ಹೆಣಭಾರ. ತಬ್ಬಿ ತಬ್ಬಿ ಎತ್ತಿ ರಸ್ತೆಯ ಬದಿಗೆ ಒಟ್ಟಿದೆ. ಮೊದಲು ಅಜ್ಜಿಯ ಸಾಲುಗಳು, ಆಮೇಲೆ ನನ್ನ ನಾಲ್ಕು. ಮಧ್ಯಾಹ್ನದ ತನಕ ಮಾಡಿದೆ. ಅಜ್ಜಿ ಬರಲಿಲ್ಲ.