ಹುಳುಮನೆಯ ಪಕ್ಕದಲ್ಲಿ ಎರಡು ಹೆಡ್‌ಫೋನ್

ಅಣ್ಣ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಹತ್ತಿರ ನಡೆಸುತ್ತಿದ್ದ ಗೇಮ್ ಅಂಗಡಿಗೆ ಬಾಗಿಲು ಹಾಕಿದಾಗ ಒಂದು ಕಂಪ್ಯೂಟರ್, ಎರಡು ಹೆಡ್‌ಫೋನ್ ಹಳ್ಳಿಯ ನಮ್ಮ ಮನೆಗೆ ಬಂದವು. ಒಂದು ಆಟಕ್ಕೆಂದೇ ಮಾಡಿದ್ದು: ಕಿವಿಯನ್ನು ಪೂರ್ತಿ ನುಂಗುವ ದಪ್ಪ ಮೆತ್ತೆ, ಬಾಯಿಯ ಮುಂದೆ ಚಾಚಿಕೊಂಡ ಮೈಕಿನ ಕಡ್ಡಿ. ಇನ್ನೊಂದರ ಹೊರಮೈ ಬರೀ ಜಾಲರಿ. ಒಳಗಿನ ಹಾಡು ಹೊರಗೆ ಸೋರುತ್ತಿತ್ತು, ಹೊರಗಿನ ಸದ್ದು ಒಳಗೆ ಬರುತ್ತಿತ್ತು. ಯಾರಾದರೂ ತೂತಿರುವುದನ್ನು ಆರಿಸಿ ತರುತ್ತಾರಾ ಎಂದು ಅಣ್ಣನನ್ನು ರೇಗಿಸಿದೆ. ಹಾಕಿಕೊಂಡು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಹಾಡುವವರು ತಲೆಯೊಳಗಲ್ಲ, ಕೋಣೆಯ ಮೂಲೆಯಲ್ಲೇ ಕೂತಿದ್ದರು.

ನನ್ನ ಕೋಣೆಯ ಗೋಡೆಯಾಚೆ ಹುಳುಮನೆ. ದೊಡ್ಡದಾದ ರೇಷ್ಮೆಹುಳುಗಳೆಲ್ಲ ಒಟ್ಟಿಗೆ ಸೊಪ್ಪು ತಿಂದರೆ ಉರಿಬಿಸಿಲಲ್ಲೂ ಹಂಚಿನ ಮೇಲೆ ಮಳೆ ಬಿದ್ದಂತೆ ಕೇಳುತ್ತದೆ. ಜಾಲರಿಯ ಹೆಡ್‌ಫೋನಿನಲ್ಲಿ ಯಾವ ಹಾಡು ಹಾಕಿದರೂ ಹಿಂದೆ ಆ ಮಳೆ ಇದ್ದೇ ಇರುತ್ತಿತ್ತು. ಆಟದ್ದನ್ನು ಹಾಕಿದೊಡನೆ ಮಳೆ ಮಾಯ. ಬದಲಿಗೆ ಆಟದೊಳಗಿನ ಶತ್ರುವಿನ ಹೆಜ್ಜೆಗಳು ನನ್ನ ಬೆನ್ನ ಹಿಂದೆಯೇ ಬರುತ್ತಿದ್ದವು. ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಯಾರೂ ಇರುತ್ತಿರಲಿಲ್ಲ.

ಹುಳುಮನೆ ಅಜ್ಜಿಯ ರಾಜ್ಯ. ಅಲ್ಲಿ ಅವಳ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ. ಪೌಡರ್ ಹಾಕಿಕೊಂಡಿದ್ದರೆ, ತಲೆಗೆ ವಾಸನೆಯ ಎಣ್ಣೆ ಹಚ್ಚಿದ್ದರೆ ನನಗೆ ಹೊಸ್ತಿಲ ಹೊರಗೇ ಜಾಗ. ಕಣ್ಣು ಮಂಜಾದ ಮೇಲೆ ಅವಳು ಹುಳುಗಳನ್ನು ಕಿವಿಯಿಂದಲೇ ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ, "ಸದ್ದು ನಿಂತದೆ, ಜ್ವರಕ್ಕೆ ಕೂತವೆ. ಯಾರೂ ಸೊಪ್ಪು ಹಾಕ್ಬೇಡಿ" ಎಂದು ಸುಣ್ಣದ ಪುಡಿ ಚೆಲ್ಲಿಸಿ ಬಾಗಿಲು ಹಾಕಿಸಿದಳು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ಬಿಟ್ಟು ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಬಾಗಿಲು ತೆಗೆಯುವಂತಿಲ್ಲ. ನಾನು ಆಟದ ಹೆಡ್‌ಸೆಟ್‌ನಲ್ಲಿ ಮುಳುಗಿದ್ದೆ. ಮಧ್ಯಾಹ್ನ ಜಾಲರಿಯದನ್ನು ಹಾಕಿಕೊಂಡಾಗ ಹಾಡಿನ ಹಿಂದೆ ಮಳೆ ಇರಲಿಲ್ಲ. ಅಜ್ಜಿ ಹೇಳಿದ್ದಾಳಲ್ಲ ಎಂದು ಸುಮ್ಮನಾದೆ. ಆದರೂ ಆ ಹಾಡನ್ನು ಪೂರ್ತಿ ಕೇಳಲಾಗಲಿಲ್ಲ.

ಸಂಜೆ ಅಪ್ಪ ತಡೆಯಲಾರದೆ ಬಾಗಿಲು ತೆಗೆದ. ಹಿಂದೆ ನಿಂತು ನಾನೂ ಇಣುಕಿದೆ. ಜ್ವರಕ್ಕೆ ಕೂತ ಹುಳು ಅಲುಗುವುದಿಲ್ಲ. ಇವು ಅಲುಗುತ್ತಿದ್ದವು. ತಟ್ಟೆಗಳಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಸುಣ್ಣ ಮೆತ್ತಿದ ಸಾವಿರಾರು ತಲೆಗಳು ಮೇಲೆದ್ದು, ಅತ್ತಿತ್ತ ತೂಗಿ, ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಇಷ್ಟಾದರೂ ಒಂದಿಷ್ಟೂ ಸದ್ದಿಲ್ಲ.

ಅಪ್ಪ ಓಡಿಹೋಗಿ ಸೊಪ್ಪು ತಂದು ಸುರಿದ. ಮಳೆ ಶುರುವಾಯಿತು, ಮನೆಯಿಡೀ ತುಂಬಿತು. ಅದರ ನಡುವೆ ನಿಂತು ಅಜ್ಜಿ ಮೆಲ್ಲಗೆ ಕೇಳಿದಳು: "ತಿಂತಾವೇನೋ?"

ಅಪ್ಪ ನನ್ನ ಮುಖ ನೋಡಿದ. ಅವಳ ಕಿವಿ ಹೋಗಿದೆಯೆಂದು ನಮಗೆ ತಿಳಿದದ್ದು ಆಗ. "ಅಮ್ಮ, ಇನ್ಮೇಲೆ ಹುಳುಮನೆ ನಾನ್ ನೋಡ್ಕೊಂತೀನಿ" ಎಂದು ಅವಳ ಕಿವಿಯ ಹತ್ತಿರ ಬಾಗಿ ಹೇಳಿದ. ಅದು ಅವಳಿಗೆ ಕೇಳಿಸಿತು. ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮರುದಿನ ಕಂಪ್ಯೂಟರಿನ ಮೇಜನ್ನು ಹುಳುಮನೆಯ ಹೊಸ್ತಿಲಿಗೆ ಎಳೆದೆ. ಮೈಕಿನ ಸದ್ದು ನೇರ ಕಿವಿಗೆ ಬರುವಂತೆ ಮಾಡಲು ಅಣ್ಣ ಹೇಳಿಕೊಟ್ಟಿದ್ದ. ಒಳ್ಳೆಯದು ಅದೇ ಎಂದುಕೊಂಡು ಮೊದಲು ಜಾಲರಿಯದನ್ನು ಅಜ್ಜಿಗೆ ಹಾಕಿ, ಇನ್ನೊಂದರ ಮೈಕನ್ನು ಸೊಪ್ಪಿನಲ್ಲಿಟ್ಟೆ. ಸೋರಿದ ಸದ್ದನ್ನೇ ಮೈಕು ಮತ್ತೆ ನುಂಗಿ, ಯಾರೋ ಕೊರಳು ಹಿಂಡಿದಂತೆ ಕೀರಲು ಕೂಗು ಎದ್ದಿತು. ಕೊನೆಗೆ ಆಟದ್ದನ್ನೇ ಹಾಕಿದೆ. "ಥೂ, ನಿಮ್ಮಣ್ಣನ್ ಸೆಂಟ್ ವಾಸ್ನೆ. ಒರೆಸ್ಕೊಂಬಾರೇ" ಎಂದು ಗದರಿದಳು. ಒರೆಸಿ ತಂದೆ. ತಟ್ಟೆಯ ಪಕ್ಕ ತಲೆ ಬಾಗಿಸಿ, ಮೈಕಿನ ಕಡ್ಡಿಯನ್ನು ಸೊಪ್ಪಿನೊಳಗೆ ಇಳಿಬಿಟ್ಟಳು.

ಅವಳ ಬಾಯಿ ತೆರೆದುಕೊಂಡಿತು. ಮೊದಲು ಹೆದರಿದಳು, ಆಮೇಲೆ ಕಣ್ಣಲ್ಲಿ ನೀರು. ನಾನೂ ಒಮ್ಮೆ ಹಾಕಿಕೊಂಡು ಕೇಳಿದೆ. ಅದು ಮಳೆಯಲ್ಲ. ಒಂದೊಂದು ಬಾಯಿಯೂ, ಹೊಸ ಬಟ್ಟೆ ಹರಿದಂತೆ, ನನ್ನ ಕಿವಿಯನ್ನೇ ತಿನ್ನುತ್ತಿತ್ತು. ಕಿತ್ತು ಅವಳಿಗೇ ಕೊಟ್ಟೆ.

ದಿನವೂ ಹಾಗೆ ಕೂರುತ್ತಿದ್ದಳು. ನಿಜವಾದ ಜ್ವರ ಬಂದಾಗ ಅವಳೇ ಹೇಳಿದಳು, ಬಿಟ್ಟಾಗಲೂ ಅವಳೇ. ಅಪ್ಪ ಮಾತ್ರ ಅವಳು ಹೇಳಿದ್ದನ್ನು ತಾನೊಮ್ಮೆ ನೋಡದೆ ಬಿಡುತ್ತಿರಲಿಲ್ಲ. ಅವಳಿಗೆ ಅದು ಚುಚ್ಚುತ್ತಿತ್ತು.

ಆ ಬೆಳೆಯ ಕೊನೆಯ ಮಧ್ಯಾಹ್ನ ಹೆಡ್‌ಸೆಟ್ ಹಾಕಿಕೊಂಡಿದ್ದವಳು ಥಟ್ಟನೆ ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

"ಏಮೀ ಲೇದೇ... ಏನೂ ಇಲ್ಲ ಕಣೇ. ನಿಂತಿದ್ದು ಹುಳಾನಾ, ನನ್ ಕಿವೀನಾ?"

ಒಂದು ಮೆತ್ತೆಯನ್ನು ಸರಿಸಿ ಕಿವಿಯಿಟ್ಟೆ. ಏನೂ ಇಲ್ಲ, ನನ್ನದೇ ನೆತ್ತರಿನ ಸದ್ದು. ಮತ್ತೆ ತಲೆಗಳು ಎದ್ದು ತೂಗುತ್ತಿದ್ದವು. ಆದರೆ ಈ ಸಲ ಸೊಪ್ಪು ಹಾಗೇ ಉಳಿದಿತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮೈಯೊಳಗೆ ಬೆಳಕು ಹಳದಿಯಾಗಿ ಹಾಯಿತು. ಗೂಡು ಕಟ್ಟಲು ತಯಾರಾಗಿತ್ತು.

"ಹುಳ ಕಣಜ್ಜಿ! ಹಣ್ಣಾಗವೆ!" ಎಂದು ಅವಳ ಕಿವಿಗೆ ಕೂಗಿದೆ.

"ಹಂಗಾದ್ರೆ ನಿಮ್ಮಪ್ಪನ್ನ ಕರಿ" ಎಂದು ಹೆಡ್‌ಸೆಟ್ ಸರಿಮಾಡಿಕೊಂಡಳು.

ಅಪ್ಪ ಬಂದ. ತಟ್ಟೆಯ ಕಡೆ ನೋಡಲಿಲ್ಲ. "ಅಮ್ಮ, ಚಂದ್ರಿಕೆಗೆ ಬಿಡಣಾ?" ಎಂದ. ಅವಳಿಗೆ ಕೇಳಲಿಲ್ಲ. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಅವನ ಹಿಂದೆ ಗೋಡೆಗೆ ಒರಗಿದ್ದವು, ಅವನು ಮುಟ್ಟಲಿಲ್ಲ. ಮುಚ್ಚಿದ ಕಿವಿಗಳೊಳಗೆ ಏನೂ ಇಲ್ಲದ್ದನ್ನು ಕೇಳುತ್ತ ಕೂತಿದ್ದ ತಾಯಿ ತಲೆ ಎತ್ತುವವರೆಗೂ ಹೊಸ್ತಿಲಲ್ಲೇ ಕಾದು ನಿಂತ.